ಹನ್ನೊಂದರಿಂದ ಎಣಿಕೆ ಶುರುವಾದ ಸರಣಿ

'ಅಮರ ಚಿತ್ರಕಥೆ'ಯ ಹಳೆಯ ಪುಸ್ತಕಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿಡಲು ಹೊರಟವರಿಗೆ ಆರಂಭದಲ್ಲೇ ಒಂದು ತೊಡಕು. ಇಂಗ್ಲಿಷ್ ಸರಣಿಯ ಮೊದಲ ಪುಸ್ತಕ 'ಕೃಷ್ಣ'. ಆದರೆ ಅದರ ಕ್ರಮಸಂಖ್ಯೆ 11! ಹಾಗಾದರೆ ಹಿಂದಿನ ಹತ್ತು ಎಲ್ಲಿ?

ಅವು ಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ವಹಿವಾಟು ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಂ 1965ರಲ್ಲಿ ಮಕ್ಕಳಿಗೆ ಕನ್ನಡದ ಚಿತ್ರಕಥೆ ಕೊಡುವ ಪ್ರಯತ್ನಕ್ಕೆ ಕೈಹಾಕಿದರು. ಕಥೆಗಳೇನೋ ಸಿಂಡ್ರೆಲಾ, ಸ್ನೋವೈಟ್, ಅಲ್ಲಾದೀನರಂಥ ಹೊರಗಿನವು. ಭಾಷೆ ಮಾತ್ರ ನಮ್ಮದು. ಇಂಗ್ಲಿಷ್ ಬಾರದ, ಬರಗೂರು, ಪಾವಗಡಗಳಂಥ ಊರುಗಳ ಮಗುವೂ ಓದಬಹುದಾದ ಪುಸ್ತಕಗಳು. ಮುಂದೆ ದೇಶವೆಲ್ಲ ಇಂಗ್ಲಿಷಿನಲ್ಲಿ ಓದಿದ ಸರಣಿಯ ತಳಪಾಯ ಇದು ಎಂಬುದು ಕನ್ನಡಿಗರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಹೆಚ್ಚು ಪ್ರಚಾರ ಪಡೆದದ್ದು ಇನ್ನೊಂದು ಕಥೆ. ಅದರ ನಾಯಕ ಅನಂತ ಪೈ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎರಡನೇ ವಯಸ್ಸಿಗೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡರಲ್ಲಿ ಮುಂಬಯಿ ಸೇರಿದವರು. ಓದಿದ್ದು ರಾಸಾಯನಿಕ ತಂತ್ರಜ್ಞಾನ, ಹಿಡಿದದ್ದು ಪತ್ರಿಕೆಯ ಕೆಲಸ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆ ಆರಂಭಿಸಿ ಸೋತರು. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿದ್ದಾಗ 'ಇಂದ್ರಜಾಲ ಕಾಮಿಕ್ಸ್'ನ ಕೆಲಸ ಅವರ ಪಾಲಿಗೆ ಬಂತು. 1967ರಲ್ಲಿ ದೆಹಲಿಯ ಅಂಗಡಿಯೊಂದರ ದೂರದರ್ಶನದಲ್ಲಿ ಅವರು ರಸಪ್ರಶ್ನೆ ನೋಡಿದರು. ಗ್ರೀಕ್ ದೇವತೆಗಳ ಬಗ್ಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ತಿಳಿದಿರಲಿಲ್ಲ. ಅಲ್ಲಿಂದ ಅವರ ಹಾದಿ ಬದಲಾಯಿತು. ಪ್ರಕಾಶಕರು ಅದೇ ಇಂಡಿಯಾ ಬುಕ್ ಹೌಸ್.

ಹಾಗಾದರೆ ಸರಣಿಯ ಜನಕ ಯಾರು? ಅನಂತರಾಂ ಹಾದಿ ತೋರಿದರು, ಪೈ ನಡೆದು ತೋರಿಸಿದರು ಎಂದರೆ ಇಬ್ಬರಿಗೂ ಅನ್ಯಾಯವಾಗದು. ಆದರೂ ಕೀರ್ತಿ ಹಂಚಿಕೆಯಾದದ್ದು ಸಮನಾಗಿ ಅಲ್ಲ.

ಆರಂಭದ ಪುಸ್ತಕಗಳನ್ನು ಪೈ ಬಹುಮಟ್ಟಿಗೆ ತಾವೇ ಬರೆದರು. ರಾಮ್ ವಾಯೀರ್ಕರ್ ಕುಂಚದಿಂದ ಕೃಷ್ಣ ಮೂಡಿದ. ಬೇಡಿಕೆ ಏರಿದಂತೆ ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮುಂತಾದವರು ಬಂದರು. ಪೈ ಸಂಪಾದಕರಾಗಿ ಉಳಿದರು. ಲೇಖಕ ತನ್ನ ಸರಣಿಯನ್ನು ಬಿಟ್ಟುಕೊಟ್ಟ ಮೊದಲ ಹಂತ ಇದೇ ಎನ್ನಬೇಕು. 1980ರಲ್ಲಿ 'ಟಿಂಕಲ್' ಶುರುವಾದ ಮೇಲೆ ಓದುಗ ಮಕ್ಕಳ ಪಾಲಿಗೆ ಅವರು 'ಅಂಕಲ್ ಪೈ' ಆದರು. 1985ರಿಂದ 1989ರವರೆಗೆ ಮಹಾಭಾರತವೊಂದೇ 42 ಸಂಚಿಕೆಗಳಲ್ಲಿ ಬಂತು. ಅಷ್ಟರಲ್ಲಿ ಟೀವಿಯಲ್ಲಿ ರಾಮಾಯಣ, ಮಹಾಭಾರತ! ಭಾನುವಾರ ಬೆಳಿಗ್ಗೆ ಇಡೀ ಮನೆ ಪೆಟ್ಟಿಗೆಯ ಮುಂದೆ ಕೂತಿರುವಾಗ 32 ಪುಟದ ಪುಸ್ತಕಕ್ಕೆ ಎಲ್ಲಿಯ ಬಿಡುವು?

ಟೀಕೆಗಳೂ ಇದ್ದವು. ರಾಕ್ಷಸರಿಗೇಕೆ ಕಪ್ಪು ಮೈಬಣ್ಣ, ಹೆಣ್ಣಿಗೇಕೆ ಸಹನೆಯೊಂದೇ ಗುಣ, ಮೇಲುಜಾತಿಯವರ ಕಣ್ಣಿನಿಂದಲೇ ಏಕೆ ಇತಿಹಾಸ ಎಂದು ವಿದ್ವಾಂಸರು ಕೇಳಿದರು. ತಳ್ಳಿಹಾಕುವಂಥ ಪ್ರಶ್ನೆಗಳಲ್ಲ ಇವು. ಒಂದು ಪೀಳಿಗೆಗೆ ದೇವರ ಮುಖವನ್ನೇ ಬರೆದುಕೊಟ್ಟ ಸರಣಿಗೆ ಅಷ್ಟರ ಹೊಣೆ ಇರಲೇಬೇಕು.

1991ರಲ್ಲಿ ಹೊಸ ಪುಸ್ತಕಗಳ ನಿಯಮಿತ ಪ್ರಕಟಣೆ ನಿಂತಿತು. ಕೃಷ್ಣನಿಂದ ಹೊರಟದ್ದು ನಾನೂರರ ಗಡಿ ದಾಟಿ ಜವಾಹರಲಾಲ್ ನೆಹರೂ ಅವರ ಬಳಿ ಬಂದು ನಿಂತಿತು. ಆದರೆ ಇದು ಬಾಗಿಲು ಹಾಕಿದ್ದಲ್ಲ. ಹಳೆಯವು ಮರುಮುದ್ರಣವಾಗುತ್ತಲೇ ಇದ್ದವು. ಕಲ್ಪನಾ ಚಾವ್ಲಾರಂಥವರ ಕಥೆಗಳು ನಡುನಡುವೆ ಸೇರಿದವು. ಸರಣಿ ಸಂಸ್ಥೆಯ ಸ್ವತ್ತು, ಸಂಪಾದಕರ ಮನೆಯ ಆಸ್ತಿಯಲ್ಲ. ಹಾಗಾಗಿಯೇ ನಿಲ್ಲಿಸಿದರೂ ಅದು ನಿಲ್ಲಲಿಲ್ಲ. 2007ರಲ್ಲಿ ಎಸಿಕೆ ಮೀಡಿಯಾ ಎಂಬ ಹೊಸ ಕಂಪೆನಿ ಅದನ್ನು ಕೊಂಡುಕೊಂಡಿತು. ಎಪ್ಪತ್ತೆಂಟರ ಹೊಸ್ತಿಲಲ್ಲಿದ್ದ ಪೈ ಹೊಸ ಒಡೆಯರ ಜತೆಗೂ ನಂಟು ಉಳಿಸಿಕೊಂಡರು.

2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತೀಯ ಕಾಮಿಕ್ಸ್ ಮೇಳದಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಘೋಷಣೆಯಾಯಿತು. ಅದೇ ತಿಂಗಳ 24ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ಪುಸ್ತಕಗಳು ಆಗಲೂ ಅಚ್ಚಾಗುತ್ತಿದ್ದವು.