ಪಾಠ, ಪಠ್ಯಕ್ರಮ, ಪರೀಕ್ಷೆ: ಮೈಸೂರು ಸೀಮೆಯ ಕಾಲೇಜುಗಳಲ್ಲಿ ಶೈಕ್ಷಣಿಕ ಯೋಜನೆ ಮತ್ತು ಮೌಲ್ಯಮಾಪನದ ಚರಿತ್ರೆ

ಕಾಲೇಜೊಂದು ತಾನು ನಡೆಸುವ ವ್ಯಾಸಂಗಗಳನ್ನು ಮೊದಲೇ ಯೋಜಿಸಿ, ಅವುಗಳ ಫಲವನ್ನು ಅಳೆದು, ಆ ಅಳತೆಯ ಆಧಾರದಿಂದ ಮತ್ತೆ ತಿದ್ದಿಕೊಳ್ಳಬೇಕೆಂಬ ವಿಚಾರವು 1990ರ ದಶಕದಲ್ಲಿ ಮಾನ್ಯತಾ ಪದ್ಧತಿಯೊಡನೆ ನಮ್ಮಲ್ಲಿಗೆ ಬಂದಿತೆಂಬುದು ಸಾಮಾನ್ಯ ತಿಳುವಳಿಕೆ. ಇದು ಭಾಗಶಃ ಮಾತ್ರ ಸರಿ. ಏನನ್ನು ಕಲಿಸಬೇಕು, ಕಲಿತದ್ದನ್ನು ಯಾರು ಪರೀಕ್ಷಿಸಬೇಕು, ಪರೀಕ್ಷೆಯಿಂದ ತಿಳಿದುಬಂದದ್ದು ಯಾರನ್ನು ತಲುಪಬೇಕು ಎಂಬ ಮೂರು ಪ್ರಶ್ನೆಗಳು ನಮ್ಮ ಕಾಲೇಜುಗಳಷ್ಟೇ ಹಳೆಯವು. ಮೈಸೂರು ಸೀಮೆಯ ಕಾಲೇಜುಗಳು ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳಲ್ಲಿ ಕಂಡುಕೊಂಡ ಉತ್ತರಗಳನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಮದರಾಸಿನ ಅಧೀನದಲ್ಲಿ

ಬೆಂಗಳೂರಿನಲ್ಲಿ 1858ರಲ್ಲಿ ಆರಂಭವಾದ ಪ್ರೌಢಶಾಲೆಯು 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರನ್ನು ಪಡೆಯಿತು. ಮೈಸೂರಿನಲ್ಲಿ ಅರಸರ ಆಶ್ರಯದ ಇಂಗ್ಲಿಷ್ ಶಾಲೆಯೊಂದು ಕ್ರಮೇಣ ಬೆಳೆದು ಮಹಾರಾಜಾ ಕಾಲೇಜಾಯಿತು. ಇವೆರಡೂ 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾಗಿದ್ದವು. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯನ್ನು ಅನುಸರಿಸಿದ ಮದರಾಸು ವಿಶ್ವವಿದ್ಯಾನಿಲಯವು ಮೊದಲಿಗೆ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಪಠ್ಯವನ್ನು ಗೊತ್ತುಪಡಿಸಿ, ಪರೀಕ್ಷೆ ನಡೆಸಿ, ಪದವಿ ನೀಡುವುದೇ ಅದರ ಮುಖ್ಯ ಕಾರ್ಯವಾಗಿತ್ತು. ಬೆಂಗಳೂರಿನ ಅಧ್ಯಾಪಕರು ಬೇರೆಡೆ ಗೊತ್ತಾದ ಪಠ್ಯವನ್ನು ಬೋಧಿಸಿ ವಿದ್ಯಾರ್ಥಿಗಳನ್ನು ಬೇರೆಯವರ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದರು. ಹೀಗಾಗಿ ತೇರ್ಗಡೆಯಾದವರ ಸಂಖ್ಯೆಯೇ ಕಾಲೇಜಿನ ಗುಣದ ಅಳತೆಗೋಲಾಗಿ ಪರಿಣಮಿಸಿತು.

1904ರ ಭಾರತೀಯ ವಿಶ್ವವಿದ್ಯಾನಿಲಯಗಳ ಅಧಿನಿಯಮವು ಸಂಯೋಜನೆಯ ಷರತ್ತುಗಳನ್ನು ಬಿಗಿಗೊಳಿಸಿ, ಕಾಲೇಜುಗಳ ತನಿಖೆಗೆ ಅವಕಾಶ ಕಲ್ಪಿಸಿತು. ಪರೀಕ್ಷಾ ಫಲಿತಾಂಶದ ಜೊತೆಗೆ ಅಧ್ಯಾಪಕರ ಅರ್ಹತೆ, ಗ್ರಂಥಾಲಯ, ಪ್ರಯೋಗಾಲಯ, ವಿದ್ಯಾರ್ಥಿಗಳ ವಸತಿ ಮೊದಲಾದವೂ ಪರಿಶೀಲನೆಗೆ ಒಳಪಟ್ಟವು. ಹೊರಗಿನವರು ಬಂದು ಕಾಲೇಜನ್ನು ಅಳೆಯುವ ಪದ್ಧತಿಗೆ ನಮ್ಮಲ್ಲಿ ಶಾಸನದ ಬಲ ದೊರೆತದ್ದು ಇಲ್ಲಿಯೇ. ಆದರೆ ಅದು ಷರತ್ತುಗಳ ಪಾಲನೆಯನ್ನು ನೋಡುವ ತನಿಖೆಯಾಗಿತ್ತೇ ವಿನಾ ಪಠ್ಯಕ್ರಮವನ್ನು ತಿದ್ದುವ ಅಧಿಕಾರವನ್ನು ಕಾಲೇಜಿಗೆ ಕೊಡಲಿಲ್ಲ.

1916ರ ಪಲ್ಲಟ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. ದೇಶೀಯ ಸಂಸ್ಥಾನವೊಂದರಲ್ಲಿ ತಲೆಯೆತ್ತಿದ ಮೊದಲ ವಿಶ್ವವಿದ್ಯಾನಿಲಯವಿದು. ನಾಲ್ವಡಿ ಕೃಷ್ಣರಾಜ ಒಡೆಯರು ಇದರ ಮೊದಲ ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು, ದಿವಾನ್ ಎಂ. ವಿಶ್ವೇಶ್ವರಯ್ಯನವರು ಇದರ ಹಿಂದಿನ ಪ್ರೇರಕ ಶಕ್ತಿ. ಇದರ ಮಹತ್ವವನ್ನು ಸಂಸ್ಥಾನದ ಪ್ರತಿಷ್ಠೆಯ ದೃಷ್ಟಿಯಿಂದಲೇ ನೋಡುವುದು ವಾಡಿಕೆ. ಆದರೆ ನಮ್ಮ ವಿಷಯದ ದೃಷ್ಟಿಯಿಂದ ಗಮನಿಸಬೇಕಾದುದು ಬೇರೊಂದಿದೆ: ಬೋಧನೆಯನ್ನು ಮೈಸೂರು ಮತ್ತು ಬೆಂಗಳೂರಿನ ಎರಡು ಕಾಲೇಜುಗಳಲ್ಲಿ ಕೇಂದ್ರೀಕರಿಸಿದ್ದರಿಂದ, ಪಾಠ ಹೇಳುವವರು ಮತ್ತು ಪಠ್ಯಕ್ರಮವನ್ನು ನಿರ್ಧರಿಸುವವರು ಬಹುಮಟ್ಟಿಗೆ ಒಂದೇ ವಿದ್ವತ್ ಸಮುದಾಯಕ್ಕೆ ಸೇರಿದವರಾದರು.

ಇದರ ಫಲವನ್ನು ಎರಡು ನಿದರ್ಶನಗಳಿಂದ ಗುರುತಿಸಬಹುದು. ಮೊದಲನೆಯದು ಕನ್ನಡ ಎಂ.ಎ. ವ್ಯಾಸಂಗ. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಇದು ಆರಂಭವಾದಾಗ ಟಿ.ಎಸ್. ವೆಂಕಣ್ಣಯ್ಯನವರು ಪ್ರಾಧ್ಯಾಪಕರಾಗಿದ್ದರು, ಕುವೆಂಪು ಅವರು ಇದರ ಮೊದಲ ವಿದ್ಯಾರ್ಥಿಗಳಲ್ಲೊಬ್ಬರು. ನಾಡಿನ ಭಾಷೆಯನ್ನು ಅತ್ಯುನ್ನತ ಪದವಿಯ ವಿಷಯವನ್ನಾಗಿಸುವ ಈ ನಿರ್ಧಾರವನ್ನು ಕೈಗೊಂಡದ್ದು ಆ ನಾಡಿನದೇ ವಿಶ್ವವಿದ್ಯಾನಿಲಯ ಎಂಬುದು ಗಮನಾರ್ಹ. ಎರಡನೆಯದು ಎಂ. ಹಿರಿಯಣ್ಣನವರ ಭಾರತೀಯ ತತ್ತ್ವಶಾಸ್ತ್ರದ ಪಾಠಗಳು. ಅನೇಕ ವರ್ಷ ಮೈಸೂರಿನ ತರಗತಿಗಳಲ್ಲಿ ಹೇಳಿದ ಆ ಪಾಠಗಳೇ 1932ರಲ್ಲಿ ಲಂಡನ್ನಿನಿಂದ ಗ್ರಂಥರೂಪದಲ್ಲಿ ಪ್ರಕಟವಾದವು. ವರ್ಷದಿಂದ ವರ್ಷಕ್ಕೆ ವಿದ್ಯಾರ್ಥಿಗಳ ಮುಂದೆ ಹೇಳುತ್ತ ಹೋದ ಪಾಠವು ಹೇಗೆ ಹದಗೊಳ್ಳುತ್ತದೆ ಎಂಬುದಕ್ಕೆ ಈ ಗ್ರಂಥವೇ ಸಾಕ್ಷಿ.

ವಿಸ್ತರಣೆ ಮತ್ತು ಆಯೋಗಗಳು

1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ರಾಧಾಕೃಷ್ಣನ್ ಅವರೇ 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷಾ ಸುಧಾರಣೆಯೇ ಆಗಿರಬೇಕೆಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು. 1964-66ರ ಕೊಠಾರಿ ಆಯೋಗವು ಮುಂದುವರಿದು, ಅರ್ಹ ಕಾಲೇಜುಗಳಿಗೆ ಪಠ್ಯಕ್ರಮ ಮತ್ತು ಪರೀಕ್ಷೆಗಳಲ್ಲಿ ಸ್ವಾಯತ್ತತೆ ನೀಡಬೇಕೆಂದು ಶಿಫಾರಸು ಮಾಡಿತು. 1978ರಲ್ಲಿ ತಮಿಳುನಾಡಿನ ಕೆಲವು ಕಾಲೇಜುಗಳು ಈ ಸ್ಥಾನವನ್ನು ಪಡೆದವು.

ಅಷ್ಟರಲ್ಲಿ ನಮ್ಮಲ್ಲಿ ಸ್ಥಿತಿ ತಿರುಗಿತ್ತು. ಏಕೀಕರಣದ ನಂತರದ ದಶಕಗಳಲ್ಲಿ ಸಂಯೋಜಿತ ಕಾಲೇಜುಗಳು ಹೆಚ್ಚುತ್ತ ಹೋದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿತು. ಈ ವಿಸ್ತರಣೆಯಿಂದ ಜಿಲ್ಲೆ, ತಾಲ್ಲೂಕುಗಳ ಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆಯಿತೆಂಬುದು ನಿರ್ವಿವಾದ. ಆದರೆ ಅಧ್ಯಯನ ಮಂಡಳಿಯಲ್ಲಿ ಸ್ಥಾನವಿಲ್ಲದ, ಉತ್ತರಪತ್ರಿಕೆಯ ಅಂಕಗಳಾಚೆಗೆ ಏನೂ ತಿಳಿಯದ ತಾಲ್ಲೂಕು ಕೇಂದ್ರದ ಅಧ್ಯಾಪಕನ ಸ್ಥಿತಿಯು 1916ಕ್ಕೆ ಹಿಂದಿನ ಬೆಂಗಳೂರಿನ ಅಧ್ಯಾಪಕನ ಸ್ಥಿತಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಮದರಾಸಿನ ಸ್ಥಾನದಲ್ಲಿ ಮೈಸೂರು, ಬೆಂಗಳೂರುಗಳು ಬಂದಿದ್ದವು.

ಮಾನ್ಯತೆಯ ಯುಗ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮುಂದುವರಿಕೆಯಾಗಿ 1994ರಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಸ್ಥಾಪಿತವಾಯಿತು. 1904ರ ತನಿಖೆಗಿಂತ ಇದು ಒಂದು ಅಂಶದಲ್ಲಿ ಮೂಲತಃ ಭಿನ್ನ: ತಜ್ಞರ ತಂಡ ಬರುವ ಮುನ್ನ ಕಾಲೇಜು ತನ್ನನ್ನು ತಾನೇ ಪರಿಶೀಲಿಸಿಕೊಂಡು ಸ್ವ-ಅಧ್ಯಯನ ವರದಿಯನ್ನು ಬರೆಯಬೇಕು. ಆಂತರಿಕ ಗುಣಮಟ್ಟ ಭರವಸಾ ಕೋಶ ಮತ್ತು ಅದರ ವಾರ್ಷಿಕ ವರದಿಗಳ ಮೂಲಕ ಸುಧಾರಣೆಯು ನಿರಂತರವಾಗಬೇಕೆಂಬ ಆಶಯವೂ ಇದರಲ್ಲಿ ಸೇರಿತು.

ಆದರೆ ಮಂಡಳಿಯ ಅಳತೆಗೋಲೇ ಒಂದು ಸತ್ಯವನ್ನು ಹೊರಗೆಡಹುತ್ತದೆ. 2017ರ ಪರಿಷ್ಕೃತ ಪದ್ಧತಿಯಲ್ಲಿ ಒಟ್ಟು 1000 ಅಂಕಗಳ ಪೈಕಿ ಪಠ್ಯಕ್ರಮದ ಅಂಶಗಳಿಗೆ ವಿಶ್ವವಿದ್ಯಾನಿಲಯ ಹಾಗೂ ಸ್ವಾಯತ್ತ ಕಾಲೇಜುಗಳಲ್ಲಿ 150 ಅಂಕಗಳಿದ್ದರೆ, ಸಂಯೋಜಿತ ಕಾಲೇಜುಗಳಲ್ಲಿ 100 ಮಾತ್ರ. ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೆ ಸಂಯೋಜಿತ ಕಾಲೇಜುಗಳಲ್ಲಿ 350 ಅಂಕಗಳು. ಪಠ್ಯಕ್ರಮದ ರಚನೆ ಸಂಯೋಜಿತ ಕಾಲೇಜಿನ ಕೈಯಲ್ಲಿಲ್ಲ ಎಂಬುದನ್ನು ಈ ಅಂಕವ್ಯವಸ್ಥೆ ಪರೋಕ್ಷವಾಗಿ ಒಪ್ಪಿಕೊಂಡಿದೆ. ತಾನು ರೂಪಿಸದ ವ್ಯಾಸಂಗದ ಫಲಕ್ಕೆ ಕಾಲೇಜು ಲೆಕ್ಕ ಒಪ್ಪಿಸಬೇಕಾಗಿದೆ. ಇಂಥಲ್ಲಿ ವರದಿಯು ಆತ್ಮಪರಿಶೀಲನೆಯಾಗದೆ ದಾಖಲೆಗಳ ಸಂಗ್ರಹವಾಗುವ ಅಪಾಯವಿದೆ.

ಕಾಲಾವಧಿಯ ಪ್ರಶ್ನೆಯೂ ಇಲ್ಲಿ ಮುಖ್ಯ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಅನ್ವಯ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯು ಆರಂಭವಾಯಿತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ 2024-25ರಿಂದ ಮೂರು ವರ್ಷದ ಪದವಿಗೆ ಮರಳಲಾಯಿತು. ಎರಡು ನಿರ್ಧಾರಗಳಿಗೂ ಅವುಗಳದೇ ಸಮರ್ಥನೆಗಳಿವೆ. ಅವುಗಳ ಗುಣದೋಷ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಸೇರದು. ಆದರೆ ಮೊದಲ ತಂಡದ ವಿದ್ಯಾರ್ಥಿಗಳು ನಾಲ್ಕು ವರ್ಷಗಳನ್ನು ಪೂರೈಸುವ ಮುನ್ನವೇ ಯೋಜನೆಯು ಬದಲಾದುದರಿಂದ, ಅದರ ಪೂರ್ಣ ಫಲವನ್ನು ಅಳೆದು ನಿರ್ಧರಿಸುವ ಅವಕಾಶವೇ ಒದಗಲಿಲ್ಲ. ಯೋಜನೆಯುಂಟು, ಬದಲಾವಣೆಯುಂಟು, ನಡುವಣ ಅಳತೆ ಮಾತ್ರ ಇಲ್ಲವೆಂದಾದರೆ ಅದನ್ನು ಸುಧಾರಣೆಯೆಂದು ಕರೆಯುವುದು ಕಷ್ಟ.

ಉಪಸಂಹಾರ

ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಸರಳವಾದುದು. 1904ರ ತನಿಖೆಯಾಗಲಿ 1994ರ ಮಾನ್ಯತೆಯಾಗಲಿ ತಮ್ಮಷ್ಟಕ್ಕೆ ತಾವೇ ವ್ಯಾಸಂಗವನ್ನು ಉತ್ತಮಪಡಿಸಲಾರವು. ಪಾಠ ಹೇಳುವವನಿಗೆ ಪಠ್ಯವನ್ನು ರೂಪಿಸುವಲ್ಲಿ ಪಾಲು, ಪರೀಕ್ಷೆಯ ಫಲವನ್ನು ಅರಿಯುವ ಹಕ್ಕು ಮತ್ತು ಅದರಂತೆ ತಿದ್ದಿಕೊಳ್ಳಲು ಬೇಕಾದ ಕಾಲಾವಕಾಶ, ಈ ಮೂರೂ ಒಟ್ಟಿಗೆ ದೊರೆತಾಗ ಮಾತ್ರ ಮೌಲ್ಯಮಾಪನವು ಅರ್ಥ ಪಡೆಯುತ್ತದೆ. 1916ರ ನಂತರದ ಕೆಲವು ದಶಕಗಳಲ್ಲಿ ಎರಡು ಕಾಲೇಜುಗಳ ಮಟ್ಟಿಗೆ ಇದು ಬಹುಮಟ್ಟಿಗೆ ಸಾಧ್ಯವಾಗಿತ್ತು. ತಾಲ್ಲೂಕು ಕೇಂದ್ರದ ಕಾಲೇಜಿಗೂ ಅದನ್ನು ಸಾಧ್ಯವಾಗಿಸುವುದು ನಮ್ಮ ಮುಂದಿರುವ ಕಾರ್ಯ.