ಮದ್ಯವ್ಯಸನ ಚಿಕಿತ್ಸೆಯಲ್ಲಿ ಪೌರಸಂಸ್ಥೆಗಳ ಹೊಣೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನು ಕುರಿತ ಒಂದು ವಿವೇಚನೆ

1. ಪೀಠಿಕೆ

ಮದ್ಯಪಾನವನ್ನು ಕುರಿತು ನಮ್ಮ ನಾಡಿನಲ್ಲಿ ಈವರೆಗೆ ನಡೆದಿರುವ ಚರ್ಚೆಯು, ಪಾನನಿರೋಧವನ್ನು ಜಾರಿಗೆ ತರುವುದು ಸಾಧ್ಯವೇ ಎಂಬ ಪ್ರಶ್ನೆಯನ್ನೂ, ಅಬಕಾರಿಯ ಹುಟ್ಟುವಳಿಯನ್ನು ಬಿಟ್ಟುಕೊಡಲು ಸರ್ಕಾರಕ್ಕೆ ಶಕ್ಯವೇ ಎಂಬ ಪ್ರಶ್ನೆಯನ್ನೂ ಸುತ್ತಿಕೊಂಡು ಬೆಳೆದಿದೆಯೇ ಹೊರತು, ಈಗಾಗಲೇ ಕುಡಿತಕ್ಕೆ ಅಧೀನನಾಗಿ ದೇಹವನ್ನೂ ಸಂಸಾರವನ್ನೂ ಹಾಳುಮಾಡಿಕೊಳ್ಳುತ್ತಿರುವ ಮನುಷ್ಯನಿಗೆ ಅವನ ಊರಿನಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡುವ ಹೊಣೆ ಯಾರದೆಂಬ ಪ್ರಶ್ನೆಯನ್ನು ಅಷ್ಟಾಗಿ ಮುಟ್ಟಿಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಪೂರ್ಣವಾಗಿ ಅಧೀನರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವನು 180 ಜನರಲ್ಲಿ ಒಬ್ಬ. ಈ ಅಂತರವನ್ನು ತುಂಬುವಲ್ಲಿ ಊರಿನ ಪೌರಾಡಳಿತಕ್ಕೆ ಯಾವ ಪಾತ್ರವುಂಟೆಂಬುದನ್ನು, ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಿಪಟೂರಿನಲ್ಲಿ ನಗರಸಭೆ, ಚಿಕ್ಕನಾಯಕನಹಳ್ಳಿಯಲ್ಲಿ ಪುರಸಭೆ, ತುರುವೇಕೆರೆಯಲ್ಲಿ ಪಟ್ಟಣ ಪಂಚಾಯಿತಿ ಇರುವುದರಿಂದ, 1964ರ ಪೌರಸಭೆಗಳ ಅಧಿನಿಯಮದ ಮೂರು ಮೆಟ್ಟಿಲುಗಳೂ ಇಲ್ಲಿ ಅಕ್ಕಪಕ್ಕದಲ್ಲಿಯೇ ಕಾಣಸಿಗುವುವು.

2. ಅಧಿಕಾರ ಮತ್ತು ಆದಾಯ

ಮಾದಕ ಪಾನೀಯಗಳ ಬಳಕೆಯನ್ನು ನಿಷೇಧಿಸಲು ಪ್ರಯತ್ನಿಸತಕ್ಕದ್ದೆಂದು ಸಂವಿಧಾನದ 47ನೆಯ ಅನುಚ್ಛೇದವು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಅದೇ ಸಂವಿಧಾನವು ಮದ್ಯದ ಮೇಲಣ ಸುಂಕವನ್ನು ರಾಜ್ಯಪಟ್ಟಿಯಲ್ಲಿ ಇರಿಸಿದೆ. ಹಿಂದಿನ ಮೈಸೂರು ರಾಜ್ಯದಲ್ಲಿ ಜಾರಿಯಲ್ಲಿದ್ದ ಪಾನನಿರೋಧವು ನಿಜಲಿಂಗಪ್ಪನವರ ಆಡಳಿತದಲ್ಲಿ, 1967ರಲ್ಲಿ, ತೆರವಾದುದು ಮೊದಲ್ಗೊಂಡು ಈ ಆದಾಯವು ಏರುತ್ತಲೇ ಬಂದು, 2025–26ನೆಯ ಸಾಲಿನ ಆಯವ್ಯಯದಲ್ಲಿ ಅಬಕಾರಿಯ ಗುರಿಯನ್ನು 40,000 ಕೋಟಿ ರೂಪಾಯಿಗಳೆಂದು ನಿಗದಿಮಾಡುವಷ್ಟಾಗಿದೆ. ಈ ಸುಂಕದಲ್ಲಿ ಪೌರಸಂಸ್ಥೆಗೆ ನೇರವಾದ ಪಾಲಿಲ್ಲ. ಅಂಗಡಿಗೆ ಸನ್ನದು ಕೊಡುವುದೂ ಹಿಂದೆಗೆದುಕೊಳ್ಳುವುದೂ ಅಬಕಾರಿ ಇಲಾಖೆಯ ಅಧಿಕಾರ. ಆದರೆ ಕುಡಿದು ಚರಂಡಿಯ ಬದಿಯಲ್ಲಿ ಬಿದ್ದವನು, ಸಂಜೆಯ ಮೇಲೆ ಹೆಂಗಸರು ನಡೆದಾಡಲು ಅಂಜುವ ಬೀದಿ, ದುಡಿಯುವವನು ಹಾಸಿಗೆ ಹಿಡಿದ ಮನೆ, ಇವೆಲ್ಲವೂ ಇರುವುದು ಪೌರಸಂಸ್ಥೆಯ ಎಲ್ಲೆಯೊಳಗೆ. ಹುಟ್ಟುವಳಿ ಒಂದು ಕಡೆಗೂ ಹೊರೆ ಇನ್ನೊಂದು ಕಡೆಗೂ ಸಂದಿರುವ ಈ ವ್ಯವಸ್ಥೆಯೇ ಪ್ರಸ್ತುತ ಸಮಸ್ಯೆಯ ಮೂಲ.

ಹಾಗೆಂದು ಪೌರಸಂಸ್ಥೆಗೆ ಈ ವಿಷಯದಲ್ಲಿ ಶಾಸನಬದ್ಧವಾದ ಆಧಾರವೇ ಇಲ್ಲವೆಂದು ತಿಳಿಯಲಾಗದು. 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯು ಸಾರ್ವಜನಿಕ ಆರೋಗ್ಯವನ್ನೂ ದುರ್ಬಲ ವರ್ಗಗಳ ಹಿತರಕ್ಷಣೆಯನ್ನೂ ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಎಣಿಸಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿ, ಸರ್ಕಾರಿ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಸಾರಿದೆ. ಇದಕ್ಕಿಂತಲೂ ಗಮನಾರ್ಹವಾದುದು ಮನೆಕಂದಾಯದ ರಸೀತಿಯಲ್ಲಿಯೇ ಇದೆ. ನಮ್ಮ ರಾಜ್ಯದ ಊರುಗಳಲ್ಲಿ ಕಂದಾಯದ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಕರವನ್ನೂ, 6ರಂತೆ ಗ್ರಂಥಾಲಯ ಕರವನ್ನೂ, 3ರಂತೆ ಭಿಕ್ಷುಕರ ಕರವನ್ನೂ ಪೌರಸಂಸ್ಥೆಯೇ ವಸೂಲುಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಬೀದಿಗೆ ಬಿದ್ದವರ ಪುನರ್ವಸತಿಗೆಂದು ಊರಿನ ಮನೆಮನೆಯಿಂದಲೂ ಹಣವೆತ್ತುವ ತತ್ತ್ವವನ್ನು ನಾವು ಒಪ್ಪಿರುವಾಗ, ಬೀದಿಗೆ ಬೀಳುವುದಕ್ಕೆ ಮುಂಚೆಯೇ ಒಬ್ಬನನ್ನು ಹಿಡಿದು ನಿಲ್ಲಿಸುವ ಕಾರ್ಯವು ಪೌರಾಡಳಿತಕ್ಕೆ ಹೊರತಾದುದೆಂದು ವಾದಿಸುವುದು ಕಷ್ಟ.

3. ತೆಂಗಿನ ಸೀಮೆಯ ದುಡಿಮೆ

ಈ ಸೀಮೆಯ ಉಂಡೆ ಕೊಬ್ಬರಿಯು ಒಂದು ವರ್ಷಕ್ಕೆ ಸಮೀಪವಾದ ಕಾಲವನ್ನು ಅಟ್ಟದ ಮೇಲೆ ಕಳೆದು, ಒಳಗೇ ಒಣಗಿ, ಆಮೇಲೆ ಮಟ್ಟೆ ಸುಲಿಸಿಕೊಂಡು, ಚಿಪ್ಪು ಒಡೆಸಿಕೊಂಡು, ಚೀಲ ಸೇರಿ ತಿಪಟೂರಿನ ಕೃಷಿ ಮಾರುಕಟ್ಟೆಯ ಹರಾಜಿಗೆ ಬರುವುದು. ಬೆಳೆಗಾರನ ಕೈಗೆ ಹಣ ಬರುವುದು ಬಿಡಿಬಿಡಿಯಾಗಿ ಅಲ್ಲ, ಮಾರಿದ ದಿನ ಒಟ್ಟಾಗಿ. ಮರ ಹತ್ತುವವನಿಗೂ ಸುಲಿಯುವವನಿಗೂ ಹಮಾಲನಿಗೂ ಅಂದಂದಿನ ಕೂಲಿ ಅಂದಂದೇ. ದೇಹವನ್ನು ನುಗ್ಗುಮಾಡುವ ದುಡಿಮೆ, ಸಂಜೆಗೆ ಕೈಯಲ್ಲಿ ನಗದು, ದಾರಿಯಲ್ಲಿ ಅಂಗಡಿ, ಈ ಮೂರೂ ಕೂಡಿದಲ್ಲಿ ಮೈಕೈ ನೋವಿಗೆಂದು ಆರಂಭವಾದ ಕುಡಿತವು ಚಟವಾಗಿ ಬಲಿಯುವುದು ಆಶ್ಚರ್ಯವಲ್ಲ. ಕೊಬ್ಬರಿಯ ಬೆಲೆಯೂ ಸ್ಥಿರವಲ್ಲ: 2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯಿದ್ದಾಗ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದುದು ಇತ್ತೀಚಿನ ಸಂಗತಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಯಿತಾದರೂ, ಪಾಕೀಟಿನ ಸ್ಥಾನವನ್ನು 90 ಮಿಲಿಲೀಟರಿನ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಆಕ್ರಮಿಸಿತು. ನಿಷೇಧವು ಪಾನೀಯವನ್ನು ಬದಲಿಸಿತು, ಪಾನಿಯನ್ನು ಬದಲಿಸಲಿಲ್ಲ.

4. ಇರುವ ಸೇವೆಗಳು

ಈ ಭಾಗದಲ್ಲಿ ಜನಸಾಮಾನ್ಯರಿಗೆ ಹೆಚ್ಚು ಪರಿಚಿತವಾದ ಸೇವೆಯೆಂದರೆ ಮದ್ಯವರ್ಜನ ಶಿಬಿರ. 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ, ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯೂ ಊರಿನ ಗಣ್ಯರ ವ್ಯವಸ್ಥಾಪನಾ ಸಮಿತಿಯೊಂದನ್ನು ಕಟ್ಟಿಕೊಂಡು, ಕಲ್ಯಾಣಮಂಟಪದಲ್ಲಿಯೋ ಸಮುದಾಯ ಭವನದಲ್ಲಿಯೋ ಎಂಟು ದಿನಗಳ ಕಾಲ ಇದನ್ನು ನಡೆಸುತ್ತವೆ. ಬೆಳಗಿನ ಯೋಗಾಭ್ಯಾಸ, ಭಜನೆ, ಗುಂಪುಚರ್ಚೆ, ಆಪ್ತಸಲಹೆ, ಹೆಂಡತಿ ಮಕ್ಕಳನ್ನು ಕರೆಸಿ ಎದುರುಬದುರು ಕೂರಿಸುವ ಕುಟುಂಬ ದಿನ, ಕಡೆಯಲ್ಲಿ ಪ್ರತಿಜ್ಞೆ, ಇದು ಶಿಬಿರದ ಕ್ರಮ. ಮೊದಲ ದಿನಗಳಲ್ಲಿ ಕಾಫಿಯ ಲೋಟವನ್ನು ಎರಡೂ ಕೈಗಳಿಂದ ಹಿಡಿದರೂ ಮೈಮೇಲೆ ತುಳುಕಿಸಿಕೊಳ್ಳುವ ಶಿಬಿರಾರ್ಥಿಯು, ವಾರ ತುಂಬುವ ಹೊತ್ತಿಗೆ ಒಂದೇ ಕೈಯಲ್ಲಿ ಹಿಡಿದು ನೆಟ್ಟಗೆ ಕುಡಿಯಬಲ್ಲವನಾಗುವುದುಂಟು. ಮನೆಯವರಿಗೆ ಯಾವ ಉಪನ್ಯಾಸಕ್ಕಿಂತಲೂ ಹೆಚ್ಚಿನ ಭರವಸೆಯನ್ನು ತರುವುದು ಅದೇ.

ಕೈನಡುಕವು ಈ ರೋಗದ ಲಘು ಲಕ್ಷಣ ಮಾತ್ರ. ಬಹುಕಾಲ ವಿಪರೀತ ಕುಡಿದವನು ಹಠಾತ್ತನೆ ಬಿಟ್ಟಾಗ ಮೊದಲೆರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳವೂ, ಎರಡರಿಂದ ನಾಲ್ಕನೆಯ ದಿನದೊಳಗೆ, ಇಲ್ಲದುದನ್ನು ಕಂಡು ಬಡಬಡಿಸುವ ಸನ್ನಿಯೂ ತೋರಬಹುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಈ ಕಾರಣದಿಂದ ಸಂಕಲ್ಪಬಲವೊಂದೇ ಸಾಲದು. ಥಯಮಿನ್ ಚುಚ್ಚುಮದ್ದು, ಶಾಮಕ ಔಷಧ, ರಾತ್ರಿಯೂ ಎಚ್ಚರವಾಗಿರುವ ದಾದಿ ಇವು ಅವಶ್ಯ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಮೇರೆಗೆ ಮನೋವೈದ್ಯರು ಮಂಗಳವಾರಗಳಂದು ಸರದಿಯ ಮೇಲೆ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು 2014ರಿಂದ ಉಂಟು. ಅದಕ್ಕಿಂತ ಹೆಚ್ಚಿನದು ಬೇಕಾದವನು ತುಮಕೂರಿಗೋ, ತಿಪಟೂರಿನಿಂದ ಸುಮಾರು 140 ಕಿಲೋಮೀಟರು ದೂರದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೋ ಹೋಗಬೇಕು. ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯವನಿಗೆ ಈ ದೂರವೇ ಚಿಕಿತ್ಸೆಗೆ ಅಡ್ಡಿ.

5. ಎಂಟು ದಿನಗಳ ಅನಂತರ

ಮದ್ಯವ್ಯಸನವು ಮರುಕಳಿಸುವ ಸ್ವಭಾವದ ರೋಗವೆಂಬುದು ವೈದ್ಯಶಾಸ್ತ್ರದ ನಿಶ್ಚಿತ ಮತ. ಶಿಬಿರದಿಂದ ಮರಳಿದವನಿಗೆ ಅದೇ ಬೀದಿ, ಅದೇ ಜೊತೆಗಾರರು, ಅದೇ ಸಂಜೆ ಎದುರಾಗುವುವು. ಜನಜಾಗೃತಿ ವೇದಿಕೆಯು ಕಟ್ಟುವ ನವಜೀವನ ಸಮಿತಿಗಳೂ, 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಹುಟ್ಟಿ ಲೋಕವ್ಯಾಪಿಯಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ನಿಂತಿರುವುದು ಈ ಅರಿವಿನ ಮೇಲೆಯೇ: ಬಿಟ್ಟವರು ಬಿಟ್ಟವರೊಡನೆ ಕ್ರಮವಾಗಿ ಕೂಡುತ್ತಿರಬೇಕು. ಆದರೆ ಪೌರಸಂಸ್ಥೆಯ ಬೆಂಬಲವು ವಾಡಿಕೆಯಲ್ಲಿ ಸಲ್ಲುವುದು ಉದ್ಘಾಟನೆಗೂ ಸಮಾರೋಪಕ್ಕೂ. ಅಧ್ಯಕ್ಷರು ದೀಪ ಬೆಳಗುತ್ತಾರೆ, ಸದಸ್ಯರು ಒಂದು ಹೊತ್ತಿನ ಊಟದ ಖರ್ಚು ವಹಿಸಿಕೊಳ್ಳುತ್ತಾರೆ. ಸಮಾರೋಪದ ಹಾರ ಬಾಡುವ ವೇಳೆಗೆ ಸಂಬಂಧ ಮುಗಿಯುವುದು. ಸಂಘದವರು ಮುಂದಿನ ಊರಿಗೆ ತೆರಳಬೇಕು, ವೈದ್ಯರಿಗೆ ವರ್ಗವಾಗುವುದು. ವರ್ಷವಿಡೀ ಊರಿನಲ್ಲಿಯೇ ಉಳಿಯುವ ಸಂಸ್ಥೆ ಪೌರಸಂಸ್ಥೆಯೊಂದೇ. ಆದುದರಿಂದ ಅದರ ನೆರವು ಸಲ್ಲಬೇಕಾದುದು ಮುಖ್ಯವಾಗಿ ಶಿಬಿರಾನಂತರದ ವರ್ಷಕ್ಕೆ ಎಂಬುದೇ ಈ ಲೇಖನದ ಪ್ರತಿಪಾದನೆ.

6. ಕರ್ತವ್ಯದ ಸ್ವರೂಪ

ಈ ನೆರವಿಗೆ ಹಣವೆಲ್ಲಿಂದ ಎಂಬುದು ಮೊದಲ ಪ್ರಶ್ನೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರವು 1865ರಲ್ಲಿ ಮದ್ಯದ ಚಿಲ್ಲರೆ ಮಾರಾಟವನ್ನು ಮಿತಲಾಭದ ಕಂಪನಿಯೊಂದಕ್ಕೆ ವಹಿಸಿ ಮಿಕ್ಕ ಲಾಭವನ್ನು ನಗರದ ಬೊಕ್ಕಸಕ್ಕೆ ತಿರುಗಿಸಿತು; ಆ ಹಣದ ಮೇಲಣ ಆಸೆಯೇ ಸುಧಾರಣೆಯನ್ನು ಕುಂದಿಸೀತೆಂಬ ಆಕ್ಷೇಪಣೆಯೂ ಅದನ್ನು ಹಿಂಬಾಲಿಸಿತು. ನಮ್ಮ ಪೌರಸಂಸ್ಥೆಗಳು ಸುಂಕದಲ್ಲಿ ಪಾಲು ಕೇಳುವುದಕ್ಕಿಂತ, ತಾವು ವಸೂಲುಮಾಡಿ ರಾಜ್ಯ ಸರ್ಕಾರಕ್ಕೆ ಕಳುಹುವ ಆರೋಗ್ಯ ಕರದ ಒಂದಂಶವನ್ನು ಚಿಕಿತ್ಸೆಗೆಂದು ಮರಳಿ ಬೇಡುವುದು ಹೆಚ್ಚು ನಿರ್ದೋಷವಾದ ಮಾರ್ಗ. ಅಲ್ಲಿಯವರೆಗೆ, ಪರಿಶಿಷ್ಟರಲ್ಲದ ಇತರ ಬಡಜನರ ಕಲ್ಯಾಣಕ್ಕೆಂದು ಮೀಸಲಿಡುವ ನೂರಕ್ಕೆ 7.25ರ ನಿಧಿಯಿಂದ ಔಷಧಕ್ಕೂ ಆಸ್ಪತ್ರೆಯ ಬಸ್ಸುಖರ್ಚಿಗೂ ನೆರವಾಗಬಹುದು. ವಾರಕ್ಕೊಂದು ಸಂಜೆ ಸಭೆ ಸೇರಲು ಬಾಡಿಗೆಯಿಲ್ಲದ ಕೊಠಡಿಯೊಂದು ಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಅದು ಕಂದಾಯ ಕಟ್ಟುವ ಕಿಟಕಿಯ ಎದುರಿನಲ್ಲಿರದೆ, ಹೋಗಿಬರುವವರ ಮಾನ ಉಳಿಯುವಂತಹ ಜಾಗದಲ್ಲಿರಬೇಕು. ಪೌರಸಂಸ್ಥೆ ತಾನೇ ಒಬ್ಬ ಯಜಮಾನನಾದ್ದರಿಂದ, ಚಿಕಿತ್ಸೆಗೆ ಹೋಗುವ ಪೌರಕಾರ್ಮಿಕನಿಗೆ ಸಂಬಳಸಹಿತ ರಜೆ ಕೊಟ್ಟು ಮೊದಲ ಮೇಲ್ಪಂಕ್ತಿಯನ್ನು ತಾನೇ ಹಾಕಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳುವುದು ಅಗತ್ಯ. ಧಾರ್ಮಿಕ ಹಿನ್ನೆಲೆಯ ಸಂಸ್ಥೆಗಳು ನಡೆಸುವ ಕಾರ್ಯಕ್ಕೆ ಸಾರ್ವಜನಿಕ ಹಣ ಸಲ್ಲಬಹುದೇ? ನಿರ್ದಿಷ್ಟ ಧರ್ಮದ ಪ್ರವರ್ಧನೆಗೆಂದು ತೆರಿಗೆ ವಿಧಿಸಲಾಗದೆಂಬ ಸಂವಿಧಾನದ 27ನೆಯ ಅನುಚ್ಛೇದವನ್ನು ಗೌರವಿಸಿಯೇ ಇದನ್ನು ಪರಿಹರಿಸಬಹುದು: ನೆರವು ಸಂಸ್ಥೆಗೆ ಹೋಗದೆ ಕೊಠಡಿ, ಔಷಧ, ಪ್ರಯಾಣಗಳ ರೂಪದಲ್ಲಿ ರೋಗಿಗೆ ಹೋಗಲಿ, ಭಜನೆಯ ಬಳಗಕ್ಕೂ ದೇವರ ಹೆಸರೆತ್ತದ ಬಳಗಕ್ಕೂ ಅದೇ ಕೊಠಡಿಯ ಬಾಗಿಲು ತೆರೆದಿರಲಿ.

7. ಉಪಸಂಹಾರ

ಶಿಬಿರವನ್ನು ನಡೆಸುವುದು ಸಂಘಸಂಸ್ಥೆಗಳ ಕೆಲಸ. ಔಷಧವನ್ನು ಕೊಡುವುದು ಆಸ್ಪತ್ರೆಯ ಕೆಲಸ. ಬಿಟ್ಟವನು ಬಿಟ್ಟಂತೆಯೇ ಇರಲು ಊರಿನಲ್ಲಿ ಅನುಕೂಲ ಕಲ್ಪಿಸುವುದು ಪೌರಸಂಸ್ಥೆಯ ಕೆಲಸ. ಶಿಬಿರದಲ್ಲಿ ಎಷ್ಟು ಜನ ಪ್ರತಿಜ್ಞೆ ಮಾಡಿದರೆಂಬ ಲೆಕ್ಕಕ್ಕಿಂತ, ವರ್ಷದ ತರುವಾಯ ಎಷ್ಟು ಜನ ಅದನ್ನು ಉಳಿಸಿಕೊಂಡಿದ್ದಾರೆಂಬ ಲೆಕ್ಕವೇ ಮುಖ್ಯವಾದುದು. ಹೆಸರುಗಳನ್ನು ಗುಪ್ತವಾಗಿರಿಸಿ ಆ ಲೆಕ್ಕವನ್ನು ವರ್ಷವರ್ಷವೂ ಸಭೆಯ ಮುಂದಿಡುವ ಪೌರಸಂಸ್ಥೆಯು ರಾಜ್ಯಕ್ಕೇ ಮಾದರಿಯಾಗುವುದು. ಆಯವ್ಯಯದ ಪೂರ್ವಭಾವಿ ಸಭೆಗೆ ನಾಗರಿಕರನ್ನು ಕರೆಯುವ ಪದ್ಧತಿ ಈಗ ಎಲ್ಲ ಪೌರಸಂಸ್ಥೆಗಳಲ್ಲಿಯೂ ಇದೆ. ಈ ಮೂರು ಊರುಗಳ ವಾಚಕರು ಮುಂದಿನ ಸಭೆಯಲ್ಲಿ ರಸ್ತೆ, ನೀರು, ಬೀದಿದೀಪಗಳ ಬೇಡಿಕೆಯೊಡನೆ ಇದನ್ನೂ ಎತ್ತಬೇಕೆಂದು, ಇದಕ್ಕೊಂದು ಪ್ರತ್ಯೇಕ ಲೆಕ್ಕಶೀರ್ಷಿಕೆಯನ್ನು ತೆರೆಯುವವರೆಗೂ ಬಿಡಬಾರದೆಂದು ಈ ಲೇಖಕನ ವಿನಂತಿ.