ನೀರು, ಮೋರಿ, ಬಟ್ಟೆ: ವಸತಿರಹಿತರ ಸಂಚಾರಿ ಸ್ನಾನಸೇವೆ ಕುರಿತ ವಿವೇಚನೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2014ರಲ್ಲಿ ಒಂದು ಹಳೆಯ ಸಿಟಿ ಬಸ್ಸು ಬೇರೆಯದೇ ಕೆಲಸಕ್ಕೆ ರಸ್ತೆಗಿಳಿಯಿತು. ಸಾರಿಗೆ ಇಲಾಖೆ ಸೇವೆಯಿಂದ ತೆಗೆದಿದ್ದ ಆ ಬಸ್ಸಿನ ಸೀಟುಗಳನ್ನೆಲ್ಲ ಕಿತ್ತು, ಒಳಗೆ ಎರಡು ಬಚ್ಚಲುಮನೆ ಕಟ್ಟಲಾಗಿತ್ತು. ಪ್ರತಿಯೊಂದರಲ್ಲೂ ಶವರ್, ಕಕ್ಕಸು, ಕೈತೊಳೆಯುವ ಬೇಸಿನ್ನು. ಡೊನೀಸ್ ಸಾಂಡೋವಲ್ ಹುಟ್ಟುಹಾಕಿದ ‘ಲಾವಾ ಮೇ’ ಸಂಸ್ಥೆಯ ಮೊದಲ ವಾಹನ ಅದು. ಅದೇ ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲೂಕಸ್ ಪ್ಯಾಚೆಟ್ ಮತ್ತು ನಿಕ್ ಮಾರ್ಕೇಸಿ ಎಂಬ ಇಬ್ಬರು ಯುವಕರು ಹಳೆಯ ವ್ಯಾನಿನೊಳಗೆ ಎರಡು ವಾಷಿಂಗ್ ಮೆಷಿನ್, ಎರಡು ಡ್ರೈಯರ್ ಕೂರಿಸಿ, ಬೀದಿಯಲ್ಲಿ ಮಲಗುವವರ ಬಟ್ಟೆ ಒಗೆದುಕೊಡಲು ಹೊರಟರು. ಅದು ‘ಆರೆಂಜ್ ಸ್ಕೈ’. ಮೊದಲನೆಯದು ಮೈ ತೊಳೆಯುವ ವ್ಯವಸ್ಥೆ, ಎರಡನೆಯದು ಬಟ್ಟೆ ತೊಳೆಯುವುದು. ಪತ್ರಿಕೆಗಳು ಇವೆರಡನ್ನೂ ಒಂದೇ ಬಗೆಯ ಸೇವೆಯೆಂದು ಕಂಡವು. ಹೊಗಳಿಕೆಯೆಲ್ಲ ಚಕ್ರಗಳಿಗೇ ಸಂದಿತು. ಬಸ್ಸಿಗಿಂತ ಅದರ ಹಿಂದಿರುವ ಕೊಳವೆ ದೊಡ್ಡದು, ಆರೋಗ್ಯದ ಲೆಕ್ಕದಲ್ಲಿ ಸ್ನಾನಕ್ಕಿಂತ ಬಟ್ಟೆಯ ತೂಕ ಹೆಚ್ಚು ಎಂಬುದು ಈ ಲೇಖನದ ವಾದ.

ಬಸ್ಸು ನೀರನ್ನು ಹೊತ್ತು ತರುವುದಕ್ಕಿಂತ ನಿಂತಲ್ಲಿ ಪಡೆಯುವುದೇ ಹೆಚ್ಚು. ಲಾವಾ ಮೇ ಬಸ್ಸು ಪಾದಚಾರಿ ಮಾರ್ಗದ ಅಂಚಿನಲ್ಲಿರುವ ಅಗ್ನಿಶಾಮಕ ನಲ್ಲಿಗೆ ಕೊಳವೆ ಸಿಕ್ಕಿಸಿ ನೀರೆಳೆದು, ಒಳಗಿನ ಹೀಟರಿನಲ್ಲಿ ಕಾಯಿಸಿಕೊಳ್ಳುತ್ತಿತ್ತು. ಇದಕ್ಕೆ ನೀರು ಸರಬರಾಜು ಇಲಾಖೆಯ ಒಪ್ಪಿಗೆ ಬೇಕು. ನಿಲ್ಲುವ ಜಾಗಕ್ಕೆ ಇನ್ನೊಂದು ಒಪ್ಪಿಗೆ, ಮಿಂದ ನೀರನ್ನು ಚರಂಡಿಗೆ ಬಿಡಲು ಮತ್ತೊಂದು. ಸ್ಯಾನ್ ಫ್ರಾನ್ಸಿಸ್ಕೋದ ಬಹುಭಾಗದಲ್ಲಿ ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿದು ಶುದ್ಧೀಕರಣ ಘಟಕ ಸೇರುತ್ತವೆ. ಇವೆರಡಕ್ಕೂ ಬೇರೆ ಬೇರೆ ಕೊಳವೆಯಿರುವ ಊರುಗಳಲ್ಲಿ ಸಾಬೂನು ನೀರನ್ನು ರಸ್ತೆಬದಿಯ ಮೋರಿಗೆ ಬಿಟ್ಟರೆ ಅದು ನೇರ ಹೊಳೆಗೋ ಕಡಲಿಗೋ ಹೋಗುತ್ತದೆ, ಅಲ್ಲಿ ಅದು ಕಾನೂನು ಮೀರಿದ ಕೆಲಸ. ಹಾಗಾಗಿ ವಾಹನ ಎಲ್ಲಿಗೆ ಬೇಕಾದರೂ ಹೋಗಬಲ್ಲದು ಎಂಬ ಮಾತು ಅರ್ಧ ಸತ್ಯ. ನೆಲದಡಿಯ ನಗರ ಒಪ್ಪಿದ ಕಡೆಗೆ ಮಾತ್ರ ಅದು ಹೋಗಬಲ್ಲದು. ಹಳೆಯ ಬಸ್ಸುಗಳ ರಿಪೇರಿ ಖರ್ಚು ಏರಿದಂತೆ ಸಂಸ್ಥೆ ಎಳೆದೊಯ್ಯುವ ಟ್ರೈಲರುಗಳತ್ತ ವಾಲಿತು. ಎಂಜಿನ್ ಕೆಟ್ಟರೂ ಬಚ್ಚಲು ನಿಲ್ಲಬಾರದಲ್ಲ!

ಒಂದಿಷ್ಟು ಗಣಿತ ಮಾಡೋಣ. ಎರಡು ಬಚ್ಚಲು, ಒಬ್ಬರಿಗೆ 20 ನಿಮಿಷ, ಮುಂದಿನವರು ಬರುವ ಮೊದಲು ಉಜ್ಜಿ ತೊಳೆಯಲು 10 ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ ನಾಲ್ಕು ಜನ, ಐದು ಗಂಟೆಯ ಪಾಳಿಗೆ ಇಪ್ಪತ್ತು. 2013ರ ಗಣತಿಯಲ್ಲಿ ಆ ನಗರದ ವಸತಿರಹಿತರು ಆರು ಸಾವಿರ ಮೀರಿದ್ದರು. ಇಪ್ಪತ್ತು ನಿಮಿಷವನ್ನು ಹತ್ತಕ್ಕಿಳಿಸಿ ಸಂಖ್ಯೆ ಹೆಚ್ಚಿಸಬಹುದಿತ್ತು. ಸಂಸ್ಥೆ ಹಾಗೆ ಮಾಡಲಿಲ್ಲ, ಮಾಡದಿದ್ದುದೇ ಸರಿ. ಬಾಗಿಲು ಚಿಲಕ ಹಾಕಿಕೊಂಡು ಒಬ್ಬರೇ ಇರುವುದು ಬೀದಿಯಲ್ಲಿ ಬದುಕುವವರಿಗೆ, ಹೆಂಗಸರಿಗಂತೂ, ನೀರಿನಷ್ಟೇ ಅಪರೂಪದ ಸಂಗತಿ. ಆದರೆ ಒಳಹೋಗುವ ಮುನ್ನ ಇನ್ನೊಂದು ಪ್ರಶ್ನೆಯಿದೆ: ಗಂಟುಮೂಟೆ ಯಾರ ವಶಕ್ಕೆ? ತಳ್ಳುಗಾಡಿ, ಕಂಬಳಿ, ಕಾಗದಪತ್ರ, ಕೆಲವರಿಗೆ ಜೊತೆಗೊಂದು ನಾಯಿ. ಇವನ್ನು ಕಾಯಲು ಆಳಿಲ್ಲದಿದ್ದರೆ ಬಿಸಿನೀರು ಪುಕ್ಕಟೆಯಾದರೂ ಬೇಡವೆನ್ನುವವರಿದ್ದಾರೆ.

ಈಗ ಬಟ್ಟೆಯ ಮಾತು. ಮೈಹೇನು ತಲೆಹೇನಿನ ಹಾಗೆ ಕೂದಲಲ್ಲಿ ವಾಸಿಸುವುದಿಲ್ಲ. ಅದರ ಮನೆ ಅಂಗಿಯ ಹೊಲಿಗೆ: ಕಂಕುಳ ಸಂದು, ಕಾಲರಿನ ಒಳಮಡಿಕೆ, ಸೊಂಟಪಟ್ಟಿ. ಮೊಟ್ಟೆಯನ್ನೂ ಅಲ್ಲೇ ದಾರಕ್ಕೆ ಅಂಟಿಸುತ್ತದೆ. ರಕ್ತ ಹೀರುವಷ್ಟು ಹೊತ್ತು ಮಾತ್ರ ಚರ್ಮದ ಮೇಲೆ, ಹೊಟ್ಟೆ ತುಂಬಿದರೆ ಮತ್ತೆ ಮಡಿಕೆಗೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ ‘ಟ್ರೆಂಚ್ ಜ್ವರ’ವನ್ನು ಹರಡುವುದು ಈ ಹೇನೇ. ಅದಕ್ಕೆ ಕಾರಣವಾದ ಬಾರ್ಟೊನೆಲ್ಲಾ ಕ್ವಿಂಟಾನಾ ಎಂಬ ಬ್ಯಾಕ್ಟೀರಿಯಾ 1990ರ ದಶಕದಲ್ಲಿ ಸಿಯಾಟಲ್‌ನ ವಸತಿರಹಿತರಲ್ಲಿ, 2020ರಲ್ಲಿ ಡೆನ್ವರ್‌ನವರಲ್ಲಿ ಮತ್ತೆ ಕಾಣಿಸಿಕೊಂಡಿತು. ಕೆಲವರಲ್ಲಿ ಹೃದಯದ ಕವಾಟಕ್ಕೂ ಸೋಂಕು ತಗಲುತ್ತದೆ. ಮಿಂದು ಬಂದವನು ಅದೇ ಅಂಗಿ ತೊಟ್ಟರೆ ಹೇನಿಗೆ ಊಟದ ಹೊತ್ತು ಕೊಂಚ ತಡವಾದೀತು, ಅಷ್ಟೆ. ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಗೆದು ಬಿಸಿಗಾಳಿಯಲ್ಲಿ ಒಣಗಿಸಿದರೆ ಹೇನೂ ಮೊಟ್ಟೆಯೂ ಸಾಯುತ್ತವೆ. ಈ ದೃಷ್ಟಿಯಿಂದ ಬ್ರಿಸ್ಬೇನಿನ ವ್ಯಾನು ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸಿಗಿಂತ ರೋಗದ ಬುಡಕ್ಕೆ ಹತ್ತಿರ. ಆ ವ್ಯಾನಿನವರು ಕಂಡುಕೊಂಡ ಇನ್ನೊಂದು ಲಾಭವೂ ಉಂಟು: ಒಗೆದು ಒಣಗಿಸಲು ಒಂದು ಗಂಟೆ ಹಿಡಿಯುತ್ತದೆ, ಅಷ್ಟೂ ಹೊತ್ತು ಕಿತ್ತಳೆ ಬಣ್ಣದ ಕುರ್ಚಿಗಳಲ್ಲಿ ಕೂತು ಹರಟುವುದಲ್ಲದೆ ಬೇರೆ ಕೆಲಸವಿಲ್ಲ. ಆ ಮಾತುಕತೆಯನ್ನೇ ಸಂಸ್ಥೆ ತನ್ನ ಮುಖ್ಯ ಕೆಲಸವೆಂದು ಹೇಳಿಕೊಳ್ಳುತ್ತದೆ.

ಬಟ್ಟೆ ಒಗೆಯುವುದಕ್ಕೂ ಆರೋಗ್ಯಕ್ಕೂ ಇರುವ ಈ ನಂಟು ಹೊಸ ಅರಿವೇನಲ್ಲ. 1832ರ ಕಾಲರಾ ಹಾವಳಿಯಲ್ಲಿ ಲಿವರ್‌ಪೂಲಿನ ಬಡ ಕೂಲಿಗಾರ್ತಿ ಕಿಟ್ಟಿ ವಿಲ್ಕಿನ್ಸನ್ ತನ್ನ ಮನೆಯ ಹಂಡೆಯನ್ನು ನೆರೆಹೊರೆಯವರ ಬಟ್ಟೆ, ಹಾಸಿಗೆ ಒಗೆಯಲು ಬಿಟ್ಟುಕೊಟ್ಟಿದ್ದಳು. 1842ರಲ್ಲಿ ಆ ಊರಿನ ಫ್ರೆಡೆರಿಕ್ ಬೀದಿಯಲ್ಲಿ ಸಾರ್ವಜನಿಕ ಸ್ನಾನಗೃಹವೂ ಒಗೆಯುವ ಮನೆಯೂ ಒಂದೇ ಸೂರಿನಡಿ ತೆರೆದವು. 1846ರ ಬ್ರಿಟಿಷ್ ಕಾಯಿದೆ ಇಂಥವನ್ನು ಕಟ್ಟುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ನ್ಯೂಯಾರ್ಕ್ ರಾಜ್ಯ 1895ರಲ್ಲಿ ದೊಡ್ಡ ನಗರಗಳಿಗೆ ಉಚಿತ ಸ್ನಾನಗೃಹಗಳನ್ನು ಕಡ್ಡಾಯಗೊಳಿಸಿತು. ಮನೆಮನೆಗೆ ನಲ್ಲಿ ಬಂದ ಮೇಲೆ ಇವು ಒಂದೊಂದಾಗಿ ಮುಚ್ಚಿದವು. ಮನೆಯೇ ಇಲ್ಲದವರನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂದಿನ ಬಸ್ಸು ಸುತ್ತುತ್ತಿರುವುದು ಆ ಖಾಲಿ ಜಾಗದಲ್ಲಿ.

ಖಾಲಿ ಜಾಗದ ಬೆಲೆಯನ್ನು ಸ್ಯಾನ್ ಡಿಯಾಗೋ ತೆತ್ತಿತು. 2016ರ ಕೊನೆಯಲ್ಲಿ ಅಲ್ಲಿ ಶುರುವಾದ ಹೆಪಟೈಟಿಸ್-ಎ 592 ಜನರಿಗೆ ತಗುಲಿ 20 ಜನರನ್ನು ಬಲಿತೆಗೆದುಕೊಂಡಿತು. ವಸತಿರಹಿತರು ಮತ್ತು ಮಾದಕವಸ್ತು ಬಳಸುವವರು ಅದಕ್ಕೆ ಹೆಚ್ಚಾಗಿ ತುತ್ತಾದರು. ಬೀದಿಯಲ್ಲಿ ಶೌಚಾಲಯ ಸಾಲದೆಂದು ಕೌಂಟಿಯ ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ತನಿಖಾ ಮಂಡಳಿ ವರ್ಷಗಳಿಂದ ಹೇಳುತ್ತಲೇ ಬಂದಿತ್ತು. 2017ರ ಸೆಪ್ಟೆಂಬರಿನಲ್ಲಿ ತುರ್ತುಸ್ಥಿತಿ ಸಾರಿದ ಮೇಲೆ ಲಸಿಕೆಯ ಜೊತೆಗೆ ಕೈತೊಳೆಯುವ ತೊಟ್ಟಿಗಳು, ತಾತ್ಕಾಲಿಕ ಕಕ್ಕಸುಗಳು ಬಂದವು. ವಾರಕ್ಕೊಮ್ಮೆ ಬರುವ ಸ್ನಾನದ ಬಸ್ಸು ಇಂಥ ರೋಗವನ್ನು ತಡೆಯಲಾರದು. ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುವ ವೈರಸ್ಸಿಗೆ ದಿನಕ್ಕೆ ಹಲವು ಸಲ ಸಾಬೂನು ನೀರು ಬೇಕು, ರಾತ್ರಿಯೂ ತೆರೆದಿರುವ ಕಕ್ಕಸು ಬೇಕು. 2020ರಲ್ಲಿ ಕೋವಿಡ್ ಬಂದಾಗ ಲಾವಾ ಮೇ ಸ್ವತಃ ಸ್ನಾನಸೇವೆ ನಿಲ್ಲಿಸಿ, ಸುಲಭವಾಗಿ ಜೋಡಿಸಬಹುದಾದ ಕೈತೊಳೆಯುವ ಘಟಕಗಳತ್ತ ಹೊರಳಿತು.

ಕರ್ನಾಟಕಕ್ಕೂ ಹಳೆಯ ಬಸ್ಸಿನ ಈ ಮರುಜನ್ಮ ಹೊಸದಲ್ಲ. 2020ರಲ್ಲಿ ಕೆಎಸ್ಆರ್‌ಟಿಸಿ ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ‘ಸ್ತ್ರೀ ಶೌಚಾಲಯ’ವಾಗಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಅದು ಪ್ರಯಾಣಿಕ ಮಹಿಳೆಯರನ್ನು ಉದ್ದೇಶಿಸಿದ್ದು. 2011ರ ಜನಗಣತಿಯಂತೆ ದೇಶದಲ್ಲಿ 17.7 ಲಕ್ಷ, ರಾಜ್ಯದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ವಸತಿರಹಿತರು. ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ತಂಗುದಾಣ ಬೇಕೆಂದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. ಬಚ್ಚಲು, ಶೌಚಾಲಯ, ಸ್ವಂತ ವಸ್ತುಗಳಿಗೆ ಲಾಕರ್ ಎಲ್ಲವೂ ಅಲ್ಲಿ ಇರಬೇಕಿತ್ತು. ನಮ್ಮಲ್ಲಿ ಸಂಚಾರಿ ಸ್ನಾನವಾಹನ ಹೂಡುವವರು ಮೊದಲು ಈ ತಂಗುದಾಣಗಳ ನಲ್ಲಿ ಮತ್ತು ಒಳಚರಂಡಿಯ ನಕ್ಷೆ ಹರಡಿಕೊಂಡು ಕೂರಬೇಕು. ವಾಹನ ಅಲ್ಲಿ ತುಂಬಿಸಿಕೊಂಡು, ತಂಗುದಾಣಕ್ಕೆ ಕಾಲಿಡದೆ ಮೇಲ್ಸೇತುವೆಯಡಿ ಉಳಿದವರ ಬಳಿ ಹೋಗಿ, ಕೊಳೆನೀರನ್ನು ಮತ್ತೆ ಅಲ್ಲಿಗೇ ತಂದು ಸುರಿಯುವಂತಾಗಬೇಕು. ಒಗೆಯುವ ಯಂತ್ರವನ್ನು ಶವರಿಗಿಂತ ಮೊದಲೇ ಕೊಳ್ಳಬೇಕು. ವರದಿ ಬರೆಯುವಾಗ ಎಷ್ಟು ಜನ ಮಿಂದರು ಎನ್ನುವ ಕಾಲಮ್ಮಿನ ಪಕ್ಕದಲ್ಲಿ ಎಷ್ಟು ಕಿಲೋ ಬಟ್ಟೆ ಒಗೆದದ್ದಾಯಿತು, ಅದೇ ಮನುಷ್ಯ ತಿಂಗಳಲ್ಲಿ ಎಷ್ಟನೇ ಸಲ ಬಂದ ಎಂಬ ಎರಡು ಕಾಲಮ್ಮುಗಳನ್ನೂ ಎಳೆಯಬೇಕು.